ಸಾಕು, ಬಾ!

ಮಕ್ಕಳೇ, ಕಳೆದ ವರ್ಷ ನಾನೂ ನನ್ನಾಕೆಯೂ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಮೂವತ್ತಾರು ವರ್ಷ ನೋಟು ಎಣಿಸಿದವನು ನಾನು. ಅಲ್ಲಿ ಎಣಿಸಲು ಸಿಕ್ಕಿದ್ದು ಕುರಿಗಳು ಮಾತ್ರ. ಕಿಟಕಿ ತೆರೆದರೆ ಹಸಿರು ಗುಡ್ಡ, ಕಲ್ಲಿನ ಗೋಡೆ, ಗೋಡೆಯಾಚೆ ಕುರಿ.

ಒಂದು ಶನಿವಾರ ಸಂಜೆ ಮನೆ ಮುಂದೆ ಕಾರು ನಿಂತಿತು. ನಿವೃತ್ತ ಶಿಕ್ಷಕಿಯೊಬ್ಬರು ಇಳಿದರು. ಅವರ ಹಿಂದೆಯೇ ಕಪ್ಪು ಬಿಳುಪಿನ ಒಂದು ನಾಯಿ. ಹೆಸರು ಮೆಗ್, ವಯಸ್ಸು ಎರಡು.

“ಯಾರದಮ್ಮ ಇದು?” ಎಂದೆ ಮಗಳಿಗೆ.

“ಸದ್ಯಕ್ಕೆ ಯಾರದೂ ಅಲ್ಲ ಅಪ್ಪ. ಹೊಸ ಮನೆ ಸಿಗೋವರೆಗೆ ನಮ್ಮಲ್ಲಿರುತ್ತೆ.”

“‘ಇದು’ ಅಲ್ಲ ತಾತ, ‘ಇವಳು’,” ಎಂದು ಹತ್ತು ವರ್ಷದ ಮೊಮ್ಮಗಳು ನನ್ನನ್ನು ತಿದ್ದಿದಳು.

ಕುರಿ ಕಾಯುವ ತಳಿಯ ನಾಯಿಗಳಿಗೆ ನೆಲೆ ತಪ್ಪಿದರೆ ಬೇರೆ ಮನೆ ಹುಡುಕಿಕೊಡುವ ಸ್ವಯಂಸೇವಕರ ಗುಂಪುಗಳು ಅಲ್ಲಿವೆ. ಅವರಿಗೆ ಸಂಬಳವಿಲ್ಲ. ಒಬ್ಬರು ಫೋನಿಗೆ ಉತ್ತರಿಸುತ್ತಾರೆ, ಒಬ್ಬರು ಮನೆ ನೋಡಿ ಬರುತ್ತಾರೆ, ನನ್ನ ಮಗಳಂಥವರು ಕೆಲವು ವಾರ ಮನೆಯಲ್ಲಿಟ್ಟು ಸಾಕುತ್ತಾರೆ. ದೂರದೂರಿಂದ ನಾಯಿ ತರಬೇಕಾದರೆ ರಿಲೇ ಓಟದ ಹಾಗೆ ಒಬ್ಬರ ಕಾರಿನಿಂದ ಇನ್ನೊಬ್ಬರ ಕಾರಿಗೆ ದಾಟಿಸುತ್ತಾರೆ. ಮೆಗ್ ಮೂರು ಕಾರು ಬದಲಿಸಿ ಬಂದಿದ್ದಳು.

ಅವಳನ್ನು ಬಿಟ್ಟುಕೊಟ್ಟವರು ಕೆಟ್ಟವರೇನಲ್ಲ. ಪಟ್ಟಣದ ಫ್ಲಾಟಿನಲ್ಲಿದ್ದರು. ಮರಿ ಮುದ್ದಾಗಿದೆ ಎಂದು ತಂದರು. ಮರಿ ಬೆಳೆಯಿತು, ಸೈಕಲ್ಲುಗಳನ್ನು ಅಟ್ಟಿಸಿಕೊಂಡು ಹೋಗತೊಡಗಿತು. ಅವರು ಕೈಚೆಲ್ಲಿದರು.

ಮೆಗ್ ಬಾರ್ಡರ್ ಕೋಲಿ. ಬಾರ್ಡರ್ ಎಂದರೆ ಗಡಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಸೀಮೆಯ ತಳಿ ಇದು. 1893ರಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ನಾಯಿಯನ್ನು ಈ ತಳಿಯ ಮೂಲಪುರುಷ ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮೂರ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿಮಂದೆ ತಂಗಿಸುತ್ತಿದ್ದರು. ಆ ಮಂದೆಯ ನಾಯಿಗಳ ಕೆಲಸ ತೋಳ ಬಾರದಂತೆ ಕಾಯುವುದು. ಕೋಲಿಯದು ಬೇರೆ ಕಸುಬು. ತಲೆ ತಗ್ಗಿಸಿ, ಮೈ ನೆಲಕ್ಕೆ ಬಗ್ಗಿಸಿ, ಬೊಗಳದೆ, ಬರೀ ದಿಟ್ಟಿಸುತ್ತಲೇ ಕುರಿಗಳನ್ನು ಒಟ್ಟುಗೂಡಿಸುತ್ತದೆ. ಕುರಿಗಾಹಿ ‘ಕಮ್ ಬೈ’ ಎಂದರೆ ಗಡಿಯಾರದ ಮುಳ್ಳಿನಂತೆ ಮಂದೆಯನ್ನು ಸುತ್ತಬೇಕು, ‘ಅವೇ’ ಎಂದರೆ ಅದಕ್ಕೆ ಎದುರು ದಿಕ್ಕಿನಲ್ಲಿ. ಕೆಲಸ ಮುಗಿಯಿತೋ, ‘ದಟ್ ವಿಲ್ ಡು’. ನಮ್ಮ ಮಾತಿನಲ್ಲಿ ‘ಸಾಕು, ಬಾ’.

ಇಂಥ ನಾಯಿಗೆ ಕುರಿಯೇ ಇಲ್ಲದಿದ್ದರೆ? ಓಡುವುದೆಲ್ಲ ಕುರಿಯೇ! ಸಂಜೆ ವಾಕಿಂಗಿನಲ್ಲಿ ನಾನು ಹಿಂದೆ ಬಿದ್ದರೆ ಮೆಗ್ ಸುತ್ತಿ ಬಂದು ನನ್ನನ್ನು ಗುಂಪಿಗೆ ಸೇರಿಸುತ್ತಿದ್ದಳು. ಎಪ್ಪತ್ತಮೂರನೇ ವಯಸ್ಸಿನಲ್ಲಿ ನಾನು ಕುರಿಯಾದೆ ಎಂದು ನನ್ನಾಕೆ ನಕ್ಕಿದ್ದೇ ನಕ್ಕಿದ್ದು.

ಐದನೇ ದಿನ ನಗು ನಿಂತಿತು. ಅಂಗಳದಲ್ಲಿ ಓಡುತ್ತಿದ್ದ ಮೊಮ್ಮಗಳ ಹಿಮ್ಮಡಿಗೆ ಮೆಗ್ ಬಾಯಿ ಹಾಕಿದಳು. ರಕ್ತ ಬರಲಿಲ್ಲ, ಹಲ್ಲಿನ ಗುರುತು ಮೂಡಿತು. ಅಳಿಯಂದಿರು ಮುಖ ಗಂಟಿಕ್ಕಿಕೊಂಡು, “ವಾಪಸ್ ಕಳಿಸೋಣ” ಎಂದರು.

ಮಾರನೆಯ ದಿನ ಶಿಕ್ಷಕಿ ಬಂದರು. ನಡೆದದ್ದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. “ನಾಯಿ ಬಿಟ್ಟಿರುವಾಗ ಮಕ್ಕಳು ಓಡಬಾರದು, ದೊಡ್ಡವರು ಜೊತೆಗಿರಲೇಬೇಕು” ಎಂದರು. ಆಮೇಲೆ, “ಇದು ಸಿಟ್ಟಲ್ಲ. ಚದುರಿದ ಕುರಿಯನ್ನು ತಿರುಗಿಸುವ ರೀತಿ. ಇವಳಿಗೆ ಬೇರೆ ಕೆಲಸ ಕೊಡಿ” ಎಂದರು.

ಆ ಮಾತು ನನಗೆ ನಾಟಿತು. ನಿವೃತ್ತಿಯಾದ ಹೊಸತರಲ್ಲಿ ನಾನೂ ಹೀಗೇ ಇದ್ದೆ. ಹಾಲಿನ ಲೆಕ್ಕ, ದಿನಸಿ ಚೀಟಿ ಎಲ್ಲವನ್ನೂ ತಪಾಸಣೆ ಮಾಡಿ ಮನೆಯವರಿಂದ ಬೈಸಿಕೊಂಡಿದ್ದೆ. ಕೈಗೆ ಕೆಲಸವಿಲ್ಲದವನ ಪಾಡು ನನಗೆ ಗೊತ್ತು.

ಅಂದಿನಿಂದ ಮೆಗ್‌ಗೆ ನಾನೇ ಮೇಷ್ಟ್ರು. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತಿತ್ತಂತೆ. ನಮ್ಮ ಮೆಗ್ ಚೆಂಡು, ಚಪ್ಪಲಿ, ಟೋಪಿ ಮುಂತಾಗಿ ಒಂಬತ್ತು ಕನ್ನಡ ಪದ ಕಲಿತಳು. “ಕೂತ್ಕೋ” ಎಂದರೆ ಕೂರುತ್ತಿದ್ದಳು. ಓಡುವ ಸೈಕಲ್ ಕಂಡು ಮೈ ಬಗ್ಗಿಸಿದಾಗ ಮೊಮ್ಮಗಳು “ಸಾಕು, ಬಾ!” ಎಂದರೆ ತಿರುಗಿ ಬರುತ್ತಿದ್ದಳು. ಅಳಿಯಂದಿರೂ ಮೆತ್ತಗಾದರು.

ಏಳು ವಾರವಾಯಿತು. ಮೆಗ್‌ಳನ್ನು ಕೇಳಿಕೊಂಡು ಒಂದು ಕುಟುಂಬ ಬಂತು. ಸಜ್ಜನರು, ಮನೆಯೂ ದೊಡ್ಡದು. ಆದರೆ ಹಗಲೆಲ್ಲ ಮನೆಯಲ್ಲಿ ಯಾರೂ ಇರುವುದಿಲ್ಲ. ಮನೆ ನೋಡಿ ಬಂದ ಸ್ವಯಂಸೇವಕರು ನಯವಾಗಿ ಇಲ್ಲ ಎಂದರು. ಬಳಿಕ ಗುಡ್ಡದ ಬುಡದಲ್ಲಿರುವ ದಂಪತಿ ಬಂದರು. ಅವರಿಗೆ ಹನ್ನೆರಡು ಕುರಿಗಳಿದ್ದವು, ಮುದಿನಾಯಿ ಸತ್ತು ವರ್ಷವಾಗಿತ್ತು. ಗುಂಪಿನವರು ಒಪ್ಪಿದರು. ಮುಂದೆಂದಾದರೂ ಸಾಕಲಾಗದಿದ್ದರೆ ಬೇರೆಯವರಿಗೆ ಕೊಡುವಂತಿಲ್ಲ, ಗುಂಪಿಗೇ ಹಿಂತಿರುಗಿಸಬೇಕು ಎಂಬ ಕರಾರಿಗೆ ಸಹಿ ಆಯಿತು.

ಹಿಂದಿನ ರಾತ್ರಿ ಮೊಮ್ಮಗಳು ನನ್ನ ಹಾಸಿಗೆಯ ಬಳಿ ಬಂದಳು. “ತಾತ, ನೀವು ಹೇಳಿದ್ರೆ ಅಮ್ಮ ಕೇಳ್ತಾಳೆ. ಮೆಗ್‌ನ ನಾವೇ ಇಟ್ಕೊಳ್ಳೋಣ.”

ನಿಜ ಹೇಳುತ್ತೇನೆ, ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಆದರೂ ಹೇಳಿದೆ: “ಪುಟ್ಟೀ, ಬ್ಯಾಂಕಿನಲ್ಲಿ ಜನ ಠೇವಣಿ ಇಡುತ್ತಾರೆ. ಜೋಪಾನ ಮಾಡೋದು ನಾವು. ಆದರೆ ಅದು ನಮ್ಮದಲ್ಲ.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಠೇವಣಿಗೆ ಬಡ್ಡಿ ಸಿಗುತ್ತಲ್ಲ ತಾತ. ನಮಗೇನು ಸಿಕ್ತು?”

ನನ್ನಲ್ಲಿ ಉತ್ತರವಿರಲಿಲ್ಲ.

ಬೆಳಗ್ಗೆ ಕಾರು ಬಂತು. ಮೆಗ್ ಹತ್ತಲೊಲ್ಲಳು. ಕಾರಿನ ಬಾಗಿಲವರೆಗೆ ಹೋಗುವಳು, ತಿರುಗಿ ಬಂದು ನಮ್ಮನ್ನು ಸುತ್ತುವಳು. ಮಂದೆಯನ್ನು ಬಿಟ್ಟು ಹೇಗೆ ಹೋದಾಳು? ಕೊನೆಗೆ ಮೊಮ್ಮಗಳು ಮಂಡಿಯೂರಿ ಅವಳ ಕಿವಿ ಸವರಿ, “ಸಾಕು ಮೆಗ್” ಎಂದಳು. ‘ಬಾ’ ಎನ್ನಲಿಲ್ಲ. ಮೆಗ್ ಅವಳನ್ನೊಮ್ಮೆ ನೋಡಿ ಕಾರು ಹತ್ತಿದಳು.

ಮುಂದಿನ ಶನಿವಾರ ಇನ್ನೊಂದು ಕಾರು ಬಂತು. ಅದರಲ್ಲಿ ಒಂದು ಕಣ್ಣಿಲ್ಲದ ಮುದಿ ಕೋಲಿ. ಮೆಗ್‌ಳನ್ನು ಉಳಿಸಿಕೊಂಡಿದ್ದರೆ ಇದಕ್ಕೆ ಮನೆಯಲ್ಲಿ ಜಾಗವಿರುತ್ತಿರಲಿಲ್ಲ. ಮೊಮ್ಮಗಳು ಏನೂ ಹೇಳದೆ ಮೆಗ್‌ಳ ಬಟ್ಟಲು ತೊಳೆದು ನೀರು ತುಂಬಿಸಿದಳು.

ಮಕ್ಕಳೇ, ಹುಟ್ಟುಹಬ್ಬಕ್ಕೆ ನಾಯಿಮರಿ ಬೇಕೆಂದು ಹಟ ಹಿಡಿಯುವ ಮುಂಚೆ ಅದರ ಕಸುಬು ಏನಾಗಿತ್ತೆಂದು ಕೇಳಿ. ನಮ್ಮಲ್ಲಿ ಎಷ್ಟೋ ಮನೆಗಳ ಗೇಟಿನ ಒಳಗೆ ಕಟ್ಟಿಹಾಕಿರುವ ಜರ್ಮನ್ ಶೆಫರ್ಡ್ ಕೂಡ ಮೂಲದಲ್ಲಿ ಕುರಿ ಕಾಯುತ್ತಿದ್ದ ನಾಯಿಯೇ. ಅದಕ್ಕೂ ಓಡಾಟ ಬೇಕು, ಕೆಲಸ ಬೇಕು. ಅಜ್ಜ ಅಜ್ಜಿಯರೇ, ನಮ್ಮ ಕೈಯಲ್ಲಿ ಇನ್ನೇನಿಲ್ಲದಿದ್ದರೂ ಸಮಯವಿದೆ. ನಿಮ್ಮ ಬೀದಿಯಲ್ಲಿ ಅಂಥದೊಂದು ನಾಯಿಯಿದ್ದರೆ, ಮನೆಯವರನ್ನು ಕೇಳಿ, ಅವರ ಜೊತೆಗೂಡಿ ಒಂದು ಸುತ್ತು ನಡೆದು ಬನ್ನಿ. ನೀವು ಹಿಂದೆ ಬಿದ್ದರೆ ಅದು ನಿಂತು ಕಾಯಬಹುದು.