ತಂದೆಯ ಮನೆ ಮಾರುವ ಮುನ್ನ

ಮನೆಯ ವ್ಯವಹಾರದಲ್ಲಿ ನಮ್ಮ ಜನರು ಬೆಲೆಯ ಬಗ್ಗೆ ವಹಿಸುವ ಎಚ್ಚರದ ಕಾಲು ಭಾಗವನ್ನೂ ಹಕ್ಕಿನ ಬಗ್ಗೆ ವಹಿಸುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಮಾರಾಟಕ್ಕೆ ಬರುವ ಹಳೆಯ ಮನೆಗಳಲ್ಲಿ ಅನೇಕವು ತಂದೆಯೋ ಅಜ್ಜನೋ ಬಿಟ್ಟುಹೋದವು. ದಲ್ಲಾಳಿ ಗಿರಾಕಿಯನ್ನು ಕರೆತರುತ್ತಾನೆ, ಬೆಲೆ ಕುದುರುತ್ತದೆ, ಸಂಚಕಾರದ ಹಣ ಕೈ ಸೇರುತ್ತದೆ. ನೋಂದಣಿಯ ದಿನ ಹತ್ತಿರ ಬಂದಾಗಷ್ಟೇ ಮದುವೆಯಾಗಿ ಬೇರೆ ಊರಿನಲ್ಲಿರುವ ಸಹೋದರಿಯ ನೆನಪಾಗುತ್ತದೆ. “ಆಪಾ, ಒಂದು ಸಹಿ ಬೇಕಾಗಿದೆ, ಬಂದು ಹೋಗಿ” ಎಂದು ಫೋನು ಹೋಗುತ್ತದೆ. ಬಂದವಳಿಗೆ ಒಂದು ಇಳಕಲ್ ಸೀರೆ, ಮಕ್ಕಳ ಕೈಗೆ ಒಂದಿಷ್ಟು ಹಣ, ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆರಳ ಗುರುತು. ಅಲ್ಲಿಗೆ ಅವಳ ಪಾಲು ಮುಗಿಯಿತು!

ಮನೆ ಮಾರುವವರಿಗೂ ಕೊಳ್ಳುವವರಿಗೂ ನಾವು ಹೇಳಬೇಕಾದ ಮೊದಲ ಮಾತು ಇದೇ. ಸಂಚಕಾರಕ್ಕೆ ಮುಂಚೆ ವಾರಸುದಾರರ ಪಾಲು ತೀರ್ಮಾನವಾಗಿರಬೇಕು. ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯವು ತಂದೆತಾಯಿಯರು ಬಿಟ್ಟುಹೋದ ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ, ಅದರಲ್ಲಿ ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಸಾರಿದೆ. ಅದು ಸಹೋದರರು ಮನಸ್ಸು ಬಂದಾಗ ಕೊಡುವ ಉಡುಗೊರೆಯಲ್ಲ. 1937ರ ಶರೀಅತ್ ಅನ್ವಯ ಕಾಯ್ದೆಯಿಂದಾಗಿ ನಮ್ಮ ನ್ಯಾಯಾಲಯಗಳೂ ಈ ಪಾಲನ್ನೇ ಎತ್ತಿಹಿಡಿಯುತ್ತವೆ.

ಒಂದು ಲೆಕ್ಕವನ್ನು ನೋಡೋಣ. ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬರು ತೀರಿಕೊಂಡಿದ್ದಾರೆ. ಅವರ ತಂದೆತಾಯಿ ಮೊದಲೇ ತೀರಿಹೋಗಿದ್ದಾರೆ. ಮನೆಯ ಬೆಲೆ 24 ಲಕ್ಷ ರೂಪಾಯಿ. ಮೊದಲು ಮೃತರ ಸಾಲ ತೀರಬೇಕು. ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಡುತ್ತಾರೆ? ಸಾಲವಿಲ್ಲದಿದ್ದರೆ ಪತ್ನಿಗೆ ಎಂಟನೆಯ ಒಂದು ಪಾಲು, ಅಂದರೆ 3 ಲಕ್ಷ. ಉಳಿದ 21 ಲಕ್ಷದಲ್ಲಿ ಗಂಡುಮಕ್ಕಳಿಗೆ ತಲಾ 7 ಲಕ್ಷ, ಹೆಣ್ಣುಮಕ್ಕಳಿಗೆ ತಲಾ ಮೂರೂವರೆ ಲಕ್ಷ. ಮೂರೂವರೆ ಲಕ್ಷದ ಹಕ್ಕನ್ನು ಒಂದು ಸೀರೆಗೆ ಬರೆಸಿಕೊಳ್ಳುವುದಕ್ಕೆ ಯಾವ ಹೆಸರಿಡಬೇಕೆಂದು ವಾಚಕರೇ ನಿರ್ಧರಿಸಲಿ.

“ಮದುವೆಗೆ ಖರ್ಚು ಮಾಡಿದ್ದೇವಲ್ಲ” ಎಂಬುದು ಸಿದ್ಧ ಉತ್ತರ. ವರದಕ್ಷಿಣೆ ಕೊಡುವುದೇ ತಪ್ಪು, ಆ ತಪ್ಪನ್ನು ಪಾಲಿನಲ್ಲಿ ಮುರಿದುಕೊಳ್ಳುವುದು ಇನ್ನೊಂದು ತಪ್ಪು. ಗಂಡುಮಕ್ಕಳ ವಲೀಮಾದ ಖರ್ಚನ್ನು ಯಾರೂ ಅವರ ಪಾಲಿನಿಂದ ಕಳೆಯುವುದಿಲ್ಲ. ಸಹೋದರಿಯು ತನ್ನ ಪಾಲೆಷ್ಟೆಂದು ಅರಿತು, ಯಾವ ಒತ್ತಡವೂ ಇಲ್ಲದೆ ಬಿಟ್ಟುಕೊಟ್ಟರೆ ಆ ಮಾತು ಬೇರೆ. ಆದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಲಾಗದು. ತಂದೆ ಬದುಕಿರುವಾಗಲೇ ಮಗಳಿಂದ ಬರೆಸಿಕೊಂಡ ಹಕ್ಕುತ್ಯಾಗಕ್ಕೆ ಕಾನೂನಿನಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ. ಮನೆಯನ್ನೆಲ್ಲ ಗಂಡುಮಕ್ಕಳಿಗೆ ಬರೆದ ಮೃತ್ಯುಪತ್ರವೂ ತಂದೆಯ ಮರಣಾನಂತರ ಉಳಿದ ವಾರಸುದಾರರು ಒಪ್ಪದ ಹೊರತು ನಿಲ್ಲದು.

ಈ ಉಪದೇಶ ಮಾರುವವನಿಗೆ ಮಾತ್ರ ಎಂದು ಖರೀದಿದಾರರು ಭಾವಿಸಬಾರದು. ನಗರಸಭೆಯ ಉತಾರದಲ್ಲಿ ಅಥವಾ ಸಿಟಿ ಸರ್ವೆಯ ದಾಖಲೆಯಲ್ಲಿ ಹಿರಿಯ ಮಗನೊಬ್ಬನದೇ ಹೆಸರಿದ್ದ ಮಾತ್ರಕ್ಕೆ ಅವನು ಇಡೀ ಮನೆಯ ಒಡೆಯನಾಗುವುದಿಲ್ಲ. ಅವನು ಮಾರಬಲ್ಲದ್ದು ತನ್ನ ಪಾಲನ್ನಷ್ಟೇ. ಐದಾರು ವರ್ಷಗಳ ಬಳಿಕ ಸಹೋದರಿಯೋ ಅವಳ ಮಕ್ಕಳೋ ಪಾಲಿನ ದಾವೆ ಹೂಡಿದರೆ, ಜೀವಮಾನದ ಉಳಿತಾಯ ಸುರಿದು ಮನೆ ಕೊಂಡವರು ನ್ಯಾಯಾಲಯದ ಕಟ್ಟೆ ಹತ್ತಬೇಕಾಗುತ್ತದೆ. ಆದ್ದರಿಂದ ವಂಶಾವಳಿಯನ್ನು ಕೇಳಿ ಪಡೆಯಿರಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರಿದೆಯೇ ಎಂದು ನೆರೆಹೊರೆಯವರಲ್ಲಿ ವಿಚಾರಿಸಿರಿ. ವಾರಸುದಾರರಲ್ಲಿ ಅಪ್ರಾಪ್ತ ಅನಾಥರಿದ್ದರೆ ಇನ್ನೂ ಎಚ್ಚರ ಬೇಕು. ತಾಯಿ ಅಥವಾ ಚಿಕ್ಕಪ್ಪ ತಾವಾಗಿಯೇ ಆ ಮಕ್ಕಳ ಪಾಲಿನ ಮನೆಯನ್ನು ಮಾರುವಂತಿಲ್ಲವೆಂದು 1918ರಲ್ಲೇ ಪ್ರಿವಿ ಕೌನ್ಸಿಲ್ ಇಮಾಮ್‌ಬಂದಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಗಲ್ಫಿನಲ್ಲಿರುವ ವಾರಸುದಾರರು ಭಾರತೀಯ ದೂತಾವಾಸದಲ್ಲಿ ಮುಖ್ತಿಯಾರ ಪತ್ರ ಮಾಡಿಸಿ ಕಳುಹಿಸಬಹುದು. ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತೆರಬೇಕು.

ಮುಖ್ತಿಯಾರ ಪತ್ರವನ್ನೇ ಖರೀದಿ ಪತ್ರವೆಂದು ನಂಬಿ ಮನೆ ಹಿಡಿದವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ನೋಂದಣಿಯ ಖರ್ಚು ಉಳಿಸುವ ಆಸೆಯೇ ಇದಕ್ಕೆ ಕಾರಣ. ಆ ಖರ್ಚು ಹಗುರವೇನಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಅಧಿಭಾರ, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ. 20 ಲಕ್ಷದ ಮನೆಗೆ ಒಂದೂವರೆ ಲಕ್ಷ ದಾಟುತ್ತದೆ. ಬಡವರ ಮೇಲೆ ಇಷ್ಟು ಭಾರ ಹೇರಿರುವ ಸರಕಾರವನ್ನು ಟೀಕಿಸಲೇಬೇಕು. ಆದರೆ ಟೀಕಿಸುತ್ತಲೇ ಶುಲ್ಕವನ್ನು ಕಟ್ಟಿಬಿಡಿ. ಕರಾರು ಪತ್ರ ಮತ್ತು ಮುಖ್ತಿಯಾರ ಪತ್ರಗಳ ಮೂಲಕ ಮಾಲಕಿ ಹಕ್ಕು ವರ್ಗವಾಗದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮನೆಯ ಮೇಲೆ ಗಹಾಣದ ಬೋಜಾ ಇದೆಯೇ ಎಂದು ತಿಳಿಯಲು ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನು ತೆಗೆಸಿ. ಇ-ಖಾತಾ ಆಗದ ಮನೆಗೆ ಸಂಚಕಾರ ಕೊಡಬೇಡಿ. ದರ್ಗಾ, ಮಸೀದಿಗಳ ಆಸುಪಾಸಿನ ಜಾಗವಾದರೆ ವಕ್ಫ್ ದಾಖಲೆಯನ್ನೂ ನೋಡಿ. ವಕ್ಫ್ ಆಸ್ತಿಯನ್ನು ಮಾರುವ ಅಧಿಕಾರ ಅಲ್ಲಿ ತಲೆಮಾರುಗಳಿಂದ ವಾಸಿಸುವವನಿಗೂ ಇಲ್ಲ.

ಇವು ಎಲ್ಲೆಡೆಗೆ ಅನ್ವಯಿಸುವ ಮಾತುಗಳು. ನಮ್ಮ ಜಿಲ್ಲೆಗೇ ವಿಶೇಷವಾದ ಕೆಲವು ತೊಡಕುಗಳಿವೆ. ಬಾಗಲಕೋಟೆಯ ಹಳೆಯ ಊರಿನ ದೊಡ್ಡ ಭಾಗವನ್ನು ಆಲಮಟ್ಟಿಯ ಹಿನ್ನೀರು ನುಂಗಿತು, ಜನರು ನವನಗರಕ್ಕೆ ಬಂದರು. ನವನಗರದಲ್ಲಿ ಮನೆ ಕೊಳ್ಳುವವರು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದಲ್ಲಿ ಆ ನಿವೇಶನ ಮೊದಲು ಯಾವ ಸಂತ್ರಸ್ತರ ಹೆಸರಿಗೆ ಹಂಚಿಕೆಯಾಯಿತು, ಅಲ್ಲಿಂದ ಇಂದಿನವರೆಗೆ ಪ್ರತಿಯೊಂದು ಕೈಬದಲಾವಣೆ ನೋಂದಣಿಯಾಗಿದೆಯೇ ಎಂದು ನೋಡಬೇಕು. ನಡುವಿನ ಒಂದೇ ಒಂದು ಕೊಂಡಿ ನೂರು ರೂಪಾಯಿಯ ಬಾಂಡಿನ ಮೇಲಿದ್ದರೂ ಅಪಾಯ. ಪರಿಹಾರದ ನಿವೇಶನ ಮುಳುಗಿದ ಮನೆಗೆ ಬದಲಾಗಿ ಬಂದದ್ದು. ಆ ಮನೆ ಅಜ್ಜನದಾಗಿದ್ದರೆ ನಿವೇಶನದಲ್ಲಿ ಅಜ್ಜನ ಹೆಣ್ಣುಮಕ್ಕಳೂ ಪಾಲು ಕೇಳಬಹುದು.

ಹಳೆಯ ಊರಿನಲ್ಲಿ ಮತ್ತು ಹಿನ್ನೀರಿನ ಅಂಚಿನಲ್ಲಿ ಈಗ ಅಗ್ಗಕ್ಕೆ ಸಿಗುವ ಮನೆಗಳ ವಿಷಯ ಬೇರೆಯೇ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಅನುಮತಿಸಿದೆ. ನೆರೆರಾಜ್ಯಗಳ ತಕರಾರು ಇನ್ನೂ ಮುಗಿದಿಲ್ಲ. ಆದರೂ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮೂರನೆಯ ಹಂತದ ಮುಳುಗಡೆ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ಪರಿಹಾರ ನಿಗದಿಪಡಿಸಿತು. ಪರಿಹಾರದ ಆಸೆಯಿಂದ ಕೊಳ್ಳಲು ಹೊರಟವರು ಒಂದು ಸಂಗತಿ ತಿಳಿದಿರಲಿ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆ ಆಸ್ತಿಯ ಕ್ರಯವಿಕ್ರಯಕ್ಕೆ ಅವಕಾಶವಿಲ್ಲ.

ಬಾದಾಮಿಯಲ್ಲಿ ತೊಡಕು ನೀರಿನದಲ್ಲ, ಕಲ್ಲಿನದು. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. 2010ರ ತಿದ್ದುಪಡಿಯ ಅನಂತರ ಈ ನಿಯಮ ಬಿಗಿಯಾಗಿದೆ. ಹಳೆಯ ಮನೆ ಕೆಡವಿ ಕೆಳಗೆ ಅಂಗಡಿ, ಮೇಲೆ ವಸತಿಗೃಹ ಕಟ್ಟುವ ಲೆಕ್ಕಾಚಾರದಿಂದ ಹೆಚ್ಚು ಬೆಲೆ ಕೊಟ್ಟವನಿಗೆ ಕೊನೆಗೆ ದುರಸ್ತಿಗೂ ಅರ್ಜಿ ಹಿಡಿದು ಓಡಾಡುವ ಪಾಡು ಬರುತ್ತದೆ. ಮಲಪ್ರಭೆಯ ದಂಡೆಯ ಊರುಗಳಲ್ಲಾದರೆ 2009 ಮತ್ತು 2019ರ ಪ್ರವಾಹದಲ್ಲಿ ನೀರು ಗೋಡೆಯ ಎಷ್ಟು ಎತ್ತರಕ್ಕೆ ನಿಂತಿತ್ತೆಂದು ಪಕ್ಕದ ಮನೆಯವರನ್ನು ಕೇಳಿ. ಮಾರುವವನೇ ಹೇಳಿದರೆ ಇನ್ನೂ ಒಳ್ಳೆಯದು. ವಸ್ತುವಿನ ದೋಷವನ್ನು ಮುಚ್ಚಿಟ್ಟು ಮಾರುವುದನ್ನು ಪ್ರವಾದಿ ಮುಹಮ್ಮದ್(ಸ)ರು ನಿಷೇಧಿಸಿದ್ದಾರೆ. ಸುಣ್ಣ ಬಳಿದು ಪ್ರವಾಹದ ಗುರುತು ಅಳಿಸುವುದು ಅದೇ ಸಾಲಿಗೆ ಸೇರುತ್ತದೆ.

ಇನ್ನು ಹಣದ ವಿಚಾರ. ಸಂಚಕಾರವಾಗಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದು 2015ರಿಂದ ನಿಷಿದ್ಧ. ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕಿನ ಮೂಲಕವೇ ಕೊಡಿ, ಬರೆದು ಕೊಡಿ, ಇಬ್ಬರ ಸಾಕ್ಷಿ ಹಾಕಿಸಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆದೇಶ ಬಂದಿರುವುದು ಕುರ್‌ಆನಿನ ಅತಿ ದೀರ್ಘ ಸೂಕ್ತದಲ್ಲಿ. ‘ನಮ್ಮವರೇ ತಾನೆ’ ಎಂದು ಬಾಯಿಮಾತಿನಲ್ಲಿ ಮುಗಿಸುವ ನಮ್ಮ ರೂಢಿ ಎಲ್ಲಿಂದ ಬಂತೋ ತಿಳಿಯದು.

ಕರಾರು ಪತ್ರ ಬರೆಸುವಾಗ ಪ್ರತಿಯೊಬ್ಬ ವಾರಸುದಾರರ ಹೆಸರು, ಪಾಲಿನ ಮೊತ್ತ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಅದರಲ್ಲೇ ಸೇರಿಸಿ. ಸಹೋದರಿಯರ ಪಾಲನ್ನು ಅಣ್ಣನ ಕೈಗೆ ಕೊಡದೆ ಖರೀದಿದಾರರೇ ನೇರವಾಗಿ ಅವರವರ ಖಾತೆಗೆ ಜಮಾ ಮಾಡತಕ್ಕದ್ದೆಂಬ ಷರತ್ತೂ ಇರಲಿ. ಖಾತೆಯಿಲ್ಲದ ಸಹೋದರಿಗೆ ಸಹಿಯ ದಿನಕ್ಕೆ ಮುಂಚೆಯೇ ಖಾತೆ ತೆರೆಸಿಕೊಡಿ.