ಕಡಲ ಕಾವಲು, ನೆಲದ ಶಾಸನ

1999ರ ಅಕ್ಟೋಬರ್ ತಿಂಗಳಲ್ಲಿ ಸುಮಾತ್ರಾ ದ್ವೀಪದ ಕುವಾಲಾ ತಂಜುಂಗ್ ಬಂದರಿನಿಂದ ಸುಮಾರು 7000 ಟನ್ ಅಲ್ಯೂಮಿನಿಯಂ ಗಟ್ಟಿಗಳನ್ನು ತುಂಬಿಕೊಂಡು ಜಪಾನಿನತ್ತ ಹೊರಟ 'ಅಲೋಂಡ್ರಾ ರೇನ್‌ಬೋ' ಎಂಬ ಸರಕಿನ ಹಡಗು, ಮಲಕ್ಕಾ ಜಲಸಂಧಿಯನ್ನು ಕಳೆಯುವ ಮುನ್ನವೇ ಕಡಲ್ಗಳ್ಳರ ವಶವಾಯಿತು. ಅದರ 17 ಮಂದಿ ನಾವಿಕರನ್ನು ಕೆಲದಿನ ಸೆರೆಯಲ್ಲಿಟ್ಟ ಕಳ್ಳರು ಕಡೆಗೆ ಅವರನ್ನು ಒಂದು ತೆಪ್ಪಕ್ಕೆ ಇಳಿಸಿ ಕಡಲಿನ ಪಾಲು ಮಾಡಿದರು. ಆ ನಿರ್ಭಾಗ್ಯರು ಥಾಯ್ಲೆಂಡಿನ ಬೆಸ್ತರ ಕಣ್ಣಿಗೆ ಬಿದ್ದು ಬದುಕಿದುದು ದೈವಕೃಪೆಯೆಂದೇ ಹೇಳಬೇಕು. ಹೆಸರನ್ನು ಬದಲಿಸಿಕೊಂಡ ಹಡಗು ಹಿಂದೂ ಮಹಾಸಾಗರವನ್ನು ಹಾದು ಅರಬ್ಬೀ ಸಮುದ್ರವನ್ನು ಹೊಕ್ಕಿತು. ಕ್ವಾಲಾಲಂಪುರದ ಕಡಲ್ಗಳ್ಳತನ ವರದಿ ಕೇಂದ್ರವು ಕಳುಹಿಸಿದ ಸುದ್ದಿಯ ಆಧಾರದ ಮೇಲೆ ನಮ್ಮ ಕರಾವಳಿ ಕಾವಲು ಪಡೆಯ 'ತಾರಾಬಾಯಿ'ಯೂ ನೌಕಾಪಡೆಯ 'ಪ್ರಹಾರ್' ನೌಕೆಯೂ ಬೆನ್ನಟ್ಟಿ ನವೆಂಬರ್ 16ರಂದು ಅದನ್ನು ಹಿಡಿದುವು. ಜಪಾನೀಯರ ಹಡಗು, ಇಂಡೋನೇಷ್ಯದ ಸರಕು, ಮಲೇಷ್ಯದಿಂದ ಬಂದ ಎಚ್ಚರಿಕೆ, ಥಾಯ್ ಬೆಸ್ತರ ಕರುಣೆ, ಭಾರತೀಯರ ಪರಾಕ್ರಮ: ಏಷ್ಯದ ರಾಷ್ಟ್ರಗಳು ಪರಸ್ಪರ ನೆರವಾದರೆ ಏನನ್ನು ಸಾಧಿಸಬಹುದೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನ ಬೇಕಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆರೆಸಿಕ್ಕಿದವರಿಗೆ 2003ರಲ್ಲಿ ಮುಂಬಯಿಯ ನ್ಯಾಯಾಲಯ ವಿಧಿಸಿದ ಕಾರಾಗೃಹವಾಸವನ್ನು 2005ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ರದ್ದುಪಡಿಸಿ ಅವರನ್ನು ಬಿಡುಗಡೆ ಮಾಡಿತು. ಕಡಲ್ಗಳ್ಳತನವನ್ನು ಸ್ಪಷ್ಟವಾಗಿ ಅಪರಾಧವೆಂದು ಹೆಸರಿಸಿ, ದೂರದ ಸಮುದ್ರದಲ್ಲಿ ಹಿಡಿದ ಪರದೇಶಿಯನ್ನು ನಮ್ಮ ನ್ಯಾಯಪೀಠದ ಮುಂದೆ ನಿಲ್ಲಿಸಿ ದಂಡಿಸುವ ಪ್ರತ್ಯೇಕ ಶಾಸನವೊಂದು ಆಗ ನಮ್ಮಲ್ಲಿರಲಿಲ್ಲ. ನಾವಿಕರು ಪ್ರಾಣವನ್ನು ಪಣವಾಗಿಟ್ಟು ಗೆದ್ದುದು ದಡದ ಮೇಲಿನ ಆಲಸ್ಯದಿಂದ ಕೈಜಾರಿತು. ಪ್ರಾಂತೀಯ ಭದ್ರತೆಯನ್ನು ಕುರಿತ ಚರ್ಚೆ ನಡೆದಾಗಲೆಲ್ಲ ಈ ಅಂಶವನ್ನು ಮುಂದಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ: ರಾಷ್ಟ್ರಗಳು ಸೇರಿ ಮಾಡಿಕೊಂಡ ಒಡಂಬಡಿಕೆ ಎಷ್ಟೇ ಉದಾತ್ತವಾಗಿರಲಿ, ಒಂದೊಂದು ರಾಷ್ಟ್ರವೂ ತನ್ನ ಮನೆಯೊಳಗಿನ ಕೆಲಸವನ್ನು ಮುಗಿಸದೆ ಅದು ಫಲಿಸುವುದಿಲ್ಲ.

ಅಲೋಂಡ್ರಾ ರೇನ್‌ಬೋ ಅಪಹರಣದಿಂದ ಕಳವಳಗೊಂಡ ಜಪಾನು ಮುಂದೆ ನಿಂತು ನಡೆಸಿದ ಸಂಧಾನದ ಫಲವಾಗಿ, ಏಷ್ಯದ ಕಡಲ್ಗಳ್ಳತನ ನಿವಾರಣೆಯ ಪ್ರಾಂತೀಯ ಒಪ್ಪಂದವು 2004ರ ನವೆಂಬರಿನಲ್ಲಿ ರೂಪುಗೊಂಡು 2006ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಸುದ್ದಿಯ ವಿನಿಮಯಕ್ಕಾಗಿ ಸಿಂಗಪುರದಲ್ಲಿ ಒಂದು ಕೇಂದ್ರವೂ ತೆರೆಯಿತು. ಭಾರತವೂ ಅದರ ಸದಸ್ಯ. ಜಲಸಂಧಿಯ ಎರಡು ದಡಗಳಿಗೆ ಒಡೆಯರಾದ ಇಂಡೋನೇಷ್ಯ ಮತ್ತು ಮಲೇಷ್ಯ ಮಾತ್ರ ಮೊದಲಿನಿಂದಲೂ ಹೊರಗುಳಿದುವು. ಇದನ್ನು ಹಟವೆಂದು ನಿಂದಿಸುವುದು ಸುಲಭ. ಆದರೆ ಬಹುಕಾಲ ಪರಕೀಯರ ಆಳ್ವಿಕೆಯಲ್ಲಿ ನೊಂದ ನಾಡುಗಳಿಗೆ ತಮ್ಮ ನೀರಿನ ಮೇಲಣ ಪ್ರಭುತ್ವ ಎಂತಹ ಮರ್ಮಸ್ಥಾನವೆಂಬುದನ್ನು ಭಾರತೀಯರಾದ ನಾವಾದರೂ ಅರಿತುಕೊಳ್ಳಬೇಕು.

ಅದೇ 2004ರಲ್ಲಿ, ಜಲಸಂಧಿಯ ರಕ್ಷಣೆಗೆ ಅಮೆರಿಕದ ಪಡೆಗಳು ಬರಬಹುದೆಂಬ ಸೂಚನೆ ಅಲ್ಲಿನ ಸೇನಾಧಿಪತಿಯೊಬ್ಬರ ಮಾತಿನಿಂದ ಹೊರಬಿದ್ದಾಗ, ಇಂಡೋನೇಷ್ಯವೂ ಮಲೇಷ್ಯವೂ ಅದನ್ನು ಖಂಡತುಂಡವಾಗಿ ನಿರಾಕರಿಸಿದುವು. ನಿರಾಕರಿಸಿ ಸುಮ್ಮನಿರಲಿಲ್ಲವೆಂಬುದೇ ಅವುಗಳ ಹಿರಿಮೆ. ಒಂದೇ ಕಾಲುವೆಯ ನೀರುಣ್ಣುವ ಊರುಗಳು ತಮ್ಮ ತಮ್ಮ ಎಲ್ಲೆಯೊಳಗೆ ನಿಂತು ಸರದಿಯ ಮೇಲೆ ಏರಿಯನ್ನು ಕಾಯುವಂತೆ, ಜುಲೈ ತಿಂಗಳಿನಿಂದ ಆ ಎರಡು ದೇಶಗಳೂ ಸಿಂಗಪುರವೂ ಹೊಂದಿಕೊಂಡು ಕಾವಲು ತಿರುಗಲಾರಂಭಿಸಿದುವು. 2008ರಲ್ಲಿ ಥಾಯ್ಲೆಂಡೂ ಕೂಡಿಕೊಂಡಿತು. 2005ರ ಸೆಪ್ಟೆಂಬರಿನಿಂದ ವಿಮಾನಗಳ ಕಾವಲೂ ಸೇರಿತು. ಆ ಏರ್ಪಾಟಿನ ಸೂಕ್ಷ್ಮತೆಯನ್ನು ನೋಡಿ: ಒಂದು ದೇಶದ ವಿಮಾನ ಇನ್ನೊಂದರ ಜಲಪ್ರದೇಶದ ಮೇಲೆ ಹಾರಬಹುದು, ಆದರೆ ದಡಕ್ಕೆ ಮೂರು ನಾಟಿಕಲ್ ಮೈಲಿಗಿಂತ ಸಮೀಪಿಸಕೂಡದು, ವಿಮಾನದೊಳಗೆ ನೆರೆದೇಶಗಳ ಅಧಿಕಾರಿಗಳೂ ಜತೆಗೆ ಕುಳಿತಿರತಕ್ಕದ್ದು. ನೆರೆಯವನು ಕಂಡುದನ್ನು ನಾನೂ ಅದೇ ಗಳಿಗೆಯಲ್ಲಿ ಕಾಣುತ್ತಿರುವಾಗ ಗೂಢಚರ್ಯೆಯ ಶಂಕೆಗೆ ಆಸ್ಪದವೆಲ್ಲಿ? ಯಾವ ಮಹಾಘೋಷಣೆಯೂ ಹುಟ್ಟಿಸಲಾರದ ವಿಶ್ವಾಸವನ್ನು ವಿಮಾನದೊಳಗಿನ ಆ ಸಹವಾಸ ಹುಟ್ಟಿಸಿರಬೇಕೆಂದು ನಾನು ನಂಬುತ್ತೇನೆ. 2005ರ ಜೂನ್ ತಿಂಗಳಲ್ಲಿ ಈ ಜಲಸಂಧಿಯನ್ನು ಯುದ್ಧಾಪಾಯದ ಪ್ರದೇಶಗಳ ಪಟ್ಟಿಗೆ ಸೇರಿಸಿದ್ದ ಲಂಡನ್ನಿನ ವಿಮಾವರ್ತಕರ ಸಮಿತಿ 2006ರ ಆಗಸ್ಟಿನಲ್ಲಿ ಅದನ್ನು ಅಲ್ಲಿಂದ ತೆಗೆದುಹಾಕಿತು. ಸುಮಾತ್ರಾದ ಉತ್ತರದಲ್ಲಿ ಸುನಾಮಿಯ ತರುವಾಯ ಕುದುರಿದ ಅಚೆ ಪ್ರಾಂತದ ಶಾಂತಿ ಒಪ್ಪಂದವೂ ಇದಕ್ಕೆ ಒತ್ತಾಸೆಯಾಯಿತೆಂಬುದನ್ನು ಮರೆಯಲಾಗದು.

ಇಷ್ಟನ್ನೇ ಹಿಡಿದುಕೊಂಡು ಏಷ್ಯದ ಸಮಸ್ಯೆಗಳೆಲ್ಲ ಇಂತಹ ಕಾವಲಿನಿಂದ ಪರಿಹಾರವಾಗುವುವೆಂದು ನಾನು ಹೇಳುತ್ತಿಲ್ಲ. ಆಗ್ನೇಯ ಏಷ್ಯ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್, ದಕ್ಷಿಣ ಚೀನಾ ಸಮುದ್ರದ ವಿಷಯದಲ್ಲಿ ಒಮ್ಮತಕ್ಕೆ ಬಾರದೆ, 2012ರಲ್ಲಿ ನಾಮ್‌ಪೆನ್ ನಗರದಲ್ಲಿ ನಡೆದ ವಿದೇಶಾಂಗ ಸಚಿವರ ಸಭೆಯಿಂದ ತನ್ನ 45 ವರ್ಷಗಳ ಚರಿತ್ರೆಯಲ್ಲಿ ಮೊತ್ತಮೊದಲ ಬಾರಿಗೆ ಜಂಟಿ ಹೇಳಿಕೆಯಿಲ್ಲದೆ ಚದುರಿತು. 2016ರ ಜುಲೈನಲ್ಲಿ ಫಿಲಿಪ್ಪೀನ್ಸ್ ಪರವಾಗಿ ಬಂದ ಪಂಚಾಯಿತಿ ತೀರ್ಪನ್ನು ಚೀನಾ ಒಪ್ಪಲೇ ಇಲ್ಲ. ಪ್ರಬಲ ರಾಷ್ಟ್ರವೇ ಕಡಲನ್ನು ತನ್ನದೆನ್ನುವಾಗ ಕಾವಲುದೋಣಿಗಳು ಮಾಡಬಹುದಾದುದು ಸ್ವಲ್ಪವೇ. ಆದರೂ ಹಡಗುಗಳ ರಕ್ಷಣೆ, ಬಿರುಗಾಳಿಯ ಮುನ್ಸೂಚನೆ, ಎಣ್ಣೆ ಸೋರಿಕೆಯ ತಡೆ, ಕಳ್ಳಸಾಗಣೆಯ ನಿಗ್ರಹ, ಇಂತಹ ಪರಿಮಿತ ಕಾರ್ಯಗಳಲ್ಲಿ ಕೂಡಿ ದುಡಿದು ಪಳಗಿದ ರಾಷ್ಟ್ರಗಳಿಗೆ ವಿಷಮಕಾಲದಲ್ಲಿ ಮಾತಾಡುವ ಬಾಗಿಲೊಂದಾದರೂ ತೆರೆದಿರುತ್ತದೆ.

ನಮ್ಮ ಸಂಸತ್ತು ಕಡಲ್ಗಳ್ಳತನ ನಿಗ್ರಹ ಮಸೂದೆಯನ್ನು ಅಂಗೀಕರಿಸಿದುದು 2022ರ ಡಿಸೆಂಬರಿನಲ್ಲಿ. ಅಲೋಂಡ್ರಾ ರೇನ್‌ಬೋ ಸಿಕ್ಕಿದ 23 ವರ್ಷಗಳ ಅನಂತರ! ವಿಳಂಬವಾಯಿತಾದರೂ ಅದರ ಪ್ರಯೋಜನ ಬೇಗನೆ ಗೋಚರಿಸಿತು. 2024ರ ಮಾರ್ಚ್ ತಿಂಗಳಲ್ಲಿ 'ರೂಯೆನ್' ಎಂಬ ಹಡಗನ್ನು ಸೊಮಾಲಿ ಕಡಲ್ಗಳ್ಳರಿಂದ ಬಿಡಿಸಿ ಅದರ 17 ಮಂದಿ ನಾವಿಕರನ್ನು ಪಾರುಮಾಡಿದ ನಮ್ಮ ನೌಕಾಪಡೆ, ಶರಣಾದ 35 ಮಂದಿಯನ್ನು ಮುಂಬಯಿಗೆ ತಂದು ಇದೇ ಶಾಸನದ ಮೇರೆಗೆ ವಿಚಾರಣೆಗೆ ಒಪ್ಪಿಸಿತು.

ಈಗ ಗಮನ ಹರಿಯಬೇಕಾದುದು ಬಂಗಾಳ ಕೊಲ್ಲಿಯ ಕಡೆಗೆ. 2014ರ ಕಠ್ಮಂಡು ಸಮ್ಮೇಳನದ ತರುವಾಯ ದಕ್ಷಿಣ ಏಷ್ಯ ರಾಷ್ಟ್ರಗಳ ಕೂಟವಾದ ಸಾರ್ಕ್‌ನ ಶೃಂಗಸಭೆಗಳು ನಿಂತುಹೋಗಿರಲಾಗಿ, ಈ ದಿಕ್ಕಿನಲ್ಲಿ ಉಳಿದಿರುವ ಮುಖ್ಯ ಆಸರೆ ಬಿಮ್‌ಸ್ಟೆಕ್. 1997ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿದ ಈ ಏಳು ದೇಶಗಳ ಕೂಟಕ್ಕೆ ಸ್ವಂತ ಸನ್ನದು ದೊರೆತದ್ದು 2022ರಲ್ಲಿ. ಅಪರಾಧ ಪ್ರಕರಣಗಳಲ್ಲಿ ಪರಸ್ಪರ ಕಾನೂನು ನೆರವು ನೀಡುವ ಒಪ್ಪಂದಕ್ಕೆ ಕೊಲಂಬೊದಲ್ಲಿ ಸಹಿಯಾದುದೂ ಅದೇ ವರ್ಷ. 2025ರ ಏಪ್ರಿಲ್‌ನಲ್ಲಿ ಕಡಲ ಸಾರಿಗೆಯ ಒಪ್ಪಂದವೂ ಆಯಿತು. ಕಡಲನ್ನೇ ಕಾಣದ ನೇಪಾಳ, ಭೂತಾನಗಳೂ ಇದರ ಸದಸ್ಯರೆಂಬುದು ನನಗೆ ವಿಶೇಷವಾಗಿ ಪ್ರಿಯವಾದ ಸಂಗತಿ, ಏಕೆಂದರೆ ಅವುಗಳ ಪರದೇಶದ ಸರಕೂ ಬಹುಮಟ್ಟಿಗೆ ನಮ್ಮ ಬಂದರುಗಳ ಮೂಲಕವೇ ಸಾಗಬೇಕಾಗಿದೆ. ಇನ್ನು ಬೇಕಾದುದು ಮತ್ತೊಂದು ಘೋಷಣೆಯಲ್ಲ. ಕೊಲ್ಲಿಯಲ್ಲಿ ಹಿಡಿದ ಅಪರಾಧಿಯನ್ನು ಯಾವ ದೇಶದ ನ್ಯಾಯಾಲಯ ವಿಚಾರಿಸಬೇಕು, ಸಾಕ್ಷಿಯಾದ ನಾವಿಕನನ್ನು ಯಾರು ಕರೆತರಬೇಕು, ಆ ವೆಚ್ಚವನ್ನು ಯಾರು ಭರಿಸಬೇಕು ಎಂಬುದನ್ನು ಮುಂದಿನ ಸಭೆಯಲ್ಲಿ ಅಧಿಕಾರಿಗಳು ಕೂತು ಬರೆದಿಡಲಿ. ಅದಕ್ಕೆ ತಕ್ಕ ಕಾನೂನನ್ನು ತಮ್ಮ ತಮ್ಮ ಶಾಸನಸಭೆಗಳಲ್ಲಿ ತರುವ ದಿನಾಂಕವನ್ನು ಏಳು ಸರ್ಕಾರಗಳೂ ಅದೇ ಸಭೆಯಲ್ಲಿ ಹೇಳಿಹೋಗಲಿ.