ವಾಡ್‌ವಿಲ್ ಸತ್ತದ್ದು ಪ್ರೇಕ್ಷಕರಿಂದಲ್ಲ

ಟಾಕಿ ಬಂದೊಡನೆ ಜನ ನ್ಯೂಯಾರ್ಕಿನ ವಾಡ್‌ವಿಲ್ (ವಿವಿಧ ವಿನೋದಾವಳಿ) ರಂಗಕ್ಕೆ ಬೆನ್ನು ಹಾಕಿದರೆಂಬ ಕಳೆದ ಸಂಚಿಕೆಯ ಲೇಖನದ ವಾದ ಅರ್ಧಸತ್ಯ. 1896ರಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳಿಗೆ ಅಲ್ಲಿ ಜಾಗ ಕೊಟ್ಟದ್ದೇ ಯೂನಿಯನ್ ಸ್ಕ್ವೇರಿನ ಕೀತ್ ವಾಡ್‌ವಿಲ್ ಮಂದಿರ. ಮುಂದೆ ದಶಕಗಳ ಕಾಲ ಹಾಡು, ಹಾಸ್ಯ, ಕಸರತ್ತು, ಜಾದೂಗಳ ಜೊತೆ ಸಿನಿಮಾವೂ ಒಂದೇ ಟಿಕೆಟ್ಟಿನಲ್ಲಿ ಬಾಳಿತು.

ಏಟು ಬಿದ್ದದ್ದು ಮಾಲೀಕರಿಂದ. 1928ರಲ್ಲಿ ಕೀತ್-ಆಲ್ಬೀ-ಆರ್ಫಿಯಂ ರಂಗಮಂದಿರಗಳ ಜಾಲ ಆರ್‌ಕೆಓ ಚಿತ್ರಸಂಸ್ಥೆಯ ಪಾಲಾಯಿತು. ಕಲಾವಿದರಿಗೆ, ವಾದ್ಯದವರಿಗೆ ವಾರವಾರ ಸಂಬಳ ಕೊಡುವುದಕ್ಕಿಂತ ರೀಲು ಓಡಿಸುವುದು ಅಗ್ಗ. ಮರುವರ್ಷದ ಆರ್ಥಿಕ ಕುಸಿತ ಆ ಲೆಕ್ಕಾಚಾರಕ್ಕೆ ಬಲ ಕೊಟ್ಟಿತು. 1913ರಲ್ಲಿ ತೆರೆದ, ಪ್ರತಿ ಕಲಾವಿದನೂ ಹಂಬಲಿಸುತ್ತಿದ್ದ ಪ್ಯಾಲೇಸ್ ಥಿಯೇಟರ್ 1932ರಲ್ಲಿ ಸಿನಿಮಾ ಮಂದಿರವಾಯಿತು.

ಪ್ರೇಕ್ಷಕರ ಅಭಿರುಚಿಯನ್ನು ದೂರುವ ಮೊದಲು ಲೇಖಕರು ಮಾಲೀಕರ ಲಾಭದಾಸೆಯನ್ನು ಪ್ರಶ್ನಿಸಬೇಕಿತ್ತು.